ಚೆಂಡು ಕೊಟ್ಟು ಇಳಿಯದವನು

ಸ್ಯಾಂಡರ್ಸ್ ಪಾಯಿಂಟ್ ಊರಿನಲ್ಲಿ ಅರ್ಲೀನ್ ಡೊಂಬ್ರೋಸ್ಕಿಯ ಮುಖ ಗೊತ್ತಿಲ್ಲದವರು ಇದ್ದಾರು, ದನಿ ಗೊತ್ತಿಲ್ಲದವರು ಯಾರೂ ಇಲ್ಲ. ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ಅದು. ಕೆಲಸದಿಂದ ನಿವೃತ್ತಳಾದ ಮೇಲೆ ಆ ಗಂಟಲಿಗೆ ಎರಡೇ ಜಾಗ ಉಳಿದಿದ್ದವು. ಒಂದು, ಫೆರಿಮೆನ್ ತಂಡ ಬೇಸ್‌ಬಾಲ್ ಆಡುವ ಮೈದಾನ. ಇನ್ನೊಂದು, ಸೋಮವಾರ ಬೆಳಗಿನ ರೇಡಿಯೋ. ಆ ಹೊತ್ತಿನಲ್ಲಿ ಪಂದ್ಯದ ವಿವರಣೆ ಹೇಳುವವನೇ ಸ್ಟುಡಿಯೋದಲ್ಲಿ ಕೂತು ಊರವರ ಫೋನು ತೆಗೆದುಕೊಳ್ಳುತ್ತಾನೆ, ಯಾರನ್ನು ಬೇಕಾದರೂ ಬೈಯಬಹುದು. ಅರ್ಲೀನ್ ಒಂದು ಸೋಮವಾರವನ್ನೂ ತಪ್ಪಿಸಿದವಳಲ್ಲ.

ಆ ವಾರ ಬೈಸಿಕೊಳ್ಳುವ ಸರದಿ ಡಾಸನ್ ಎಂಬ ಪಿಚರ್‌ನದು, ಅಂದರೆ ಚೆಂಡು ಎಸೆಯುವವನದು. ಶನಿವಾರದ ಪಂದ್ಯದ ನಡುವೆಯೇ ಅವನು ಭುಜ ಹಿಡಿದುಕೊಂಡು, ಚೆಂಡನ್ನು ಮ್ಯಾನೇಜರ್ ಕೈಗೆ ಕೊಟ್ಟು, ಎಸೆಯುವ ದಿಬ್ಬದಿಂದ ಇಳಿದು ಹೋಗಿದ್ದ. ಆಮೇಲೆ ಎಸೆಯಲು ಬಂದವರೆಲ್ಲ ಚೆನ್ನಾಗಿ ಚಚ್ಚಿಸಿಕೊಂಡರು, ಗೆಲ್ಲಬೇಕಾದ ಪಂದ್ಯ ಕೈಬಿಟ್ಟು ಹೋಯಿತು. ಅರ್ಲೀನಳಿಗೆ ಭಾನುವಾರವಿಡೀ ಮೈ ಉರಿಯುತ್ತಿತ್ತು. ಸೋಮವಾರ ಬೆಳಗಾಗುವುದೇ ತಡ, ಅಡುಗೆಮನೆಯ ರೇಡಿಯೋವನ್ನು ಹಾಗೇ ಹಾಡಲು ಬಿಟ್ಟು, ಫೋನು ಹಿಡಿದು ಹಿತ್ತಲ ಜಗಲಿಗೆ ಹೋದಳು. ರೇಡಿಯೋ ಪಕ್ಕದಲ್ಲೇ ನಿಂತು ಫೋನಿನಲ್ಲಿ ಮಾತಾಡಿದರೆ ಕಿವಿ ಹರಿಯುವ ಹಾಗೆ ಕೀರಲು ಸದ್ದು ಬರುತ್ತದೆ, ಸ್ಟುಡಿಯೋದವರು ಫೋನು ಇಟ್ಟುಬಿಡುತ್ತಾರೆ.

"ನೋಡಪ್ಪಾ ಟ್ರೆವರ್," ಎಂದು ಶುರುಮಾಡಿದಳು. "ಪಿಚರ್ ಅನ್ನೋನ ಹಿಂದೆ ಎಂಟು ಜನ ಬಿಸಿಲಲ್ಲಿ ನಿಂತಿರ್ತಾರೆ. ಅವ್ರಿಗೆ ಮಂಡಿ ನೋಯಲ್ವಾ, ಬೆನ್ನು ನೋಯಲ್ವಾ? ಅವ್ರ ಕಣ್ಣೆದುರಿಗೇ ಚೆಂಡು ಕೊಟ್ಟು ಇಳಿದು ಹೋಗೋನು ಹಾಗೇ ಬಸ್ಸು ಹತ್ತಿ ಅವನಮ್ಮನ ಮನೆಗೆ ಹೋಗ್ಲಿ. ಕೈ ಇರೋದೇ ಎಸೆಯೋಕೆ. ಬಚ್ಚಿಟ್ಟು ಏನು ಉಪ್ಪಿನಕಾಯಿ ಹಾಕ್ತಾನಾ?"

ಸ್ಟುಡಿಯೋದಲ್ಲಿ ಟ್ರೆವರ್ ಹಾಲ್ಸ್ಟೆಡ್ ಬಿದ್ದು ಬಿದ್ದು ನಕ್ಕ. ಊರೂ ನಕ್ಕಿತು. ಅಂದು ಮಧ್ಯಾಹ್ನ ಮಾಂಸದಂಗಡಿಯ ಸ್ಟ್ಯಾನ್ ಅವಳ ಪೊಟ್ಟಣಕ್ಕೆ ಒಂದು ಸಾಸೇಜ್ ಹೆಚ್ಚಿಗೆ ಹಾಕಿ, ಸರಿಯಾಗಿ ಝಾಡಿಸಿದೆ ಅಂದ. ಅರ್ಲೀನ್ ಉಬ್ಬಿಹೋದಳು.

ಆದರೆ ಬೆಳಗ್ಗೆ ಅವಳು ಫೋನು ಇಟ್ಟು ಜಗಲಿಯಿಂದ ಒಳಗೆ ಬಂದಾಗ ಅಡುಗೆಮನೆಯ ಮೇಜಿನ ಮುಂದೆ ಯಾದಿಯೆಲ್ ಕೊಲೊನ್ ಮೊಟ್ಟೆ ತಿನ್ನುತ್ತಾ ಕೂತಿದ್ದ. ಅವನೂ ಫೆರಿಮೆನ್ ಪಿಚರ್. ಇಂಥ ಸಣ್ಣ ಲೀಗಿನ ಸಂಬಳದಲ್ಲಿ ಹುಡುಗರಿಗೆ ಬಾಡಿಗೆ ಕಟ್ಟಲು ಆಗುವುದಿಲ್ಲವೆಂದು ಊರವರೇ ಬೇಸಿಗೆಗೆ ಒಬ್ಬೊಬ್ಬರನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅರ್ಲೀನಳ ಗಂಡ ವರ್ನ್ ಸರೋವರದ ಸರಕು ಹಡಗಿನಲ್ಲಿ ಮೆಕ್ಯಾನಿಕ್, ಚಳಿಗಾಲದವರೆಗೆ ಮನೆ ಕಾಣುವವನಲ್ಲ, ಮಕ್ಕಳಿಲ್ಲ. ಮಹಡಿಯ ಕೋಣೆಗೆ ಬಂದ ಈ ಪೋರ್ಟೊ ರಿಕೊದ ಹುಡುಗ ಎರಡನೆಯ ದಿನವೇ ಅವಳನ್ನು ಅಮ್ಮಾ ಎಂದು ಕರೆದಿದ್ದ. ಅಂದಿನಿಂದ ಅವಳು ಅವನ ಸಾಕ್ಸು ಕೂಡ ಇಸ್ತ್ರಿ ಮಾಡುತ್ತಿದ್ದಳು.

ಚೆನ್ನಾಗಿ ಮಾತಾಡಿದ್ರಿ ಅಮ್ಮ ಎಂದ ಅವನು. ಬಲಗೈಯಲ್ಲಿ ಎಸೆಯುವವನು ಎಡಗೈಯಲ್ಲಿ ಫೋರ್ಕ್ ಹಿಡಿದಿದ್ದ. ಅದು ಅವಳ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಮಂಗಳವಾರ ಮೈದಾನದಲ್ಲಿ ಇದೇ ಮಾತು. ಮೊದಲ ಬೇಸಿನ ಹಿಂದಿನ ಸಾಲಿನಲ್ಲಿ ಅರ್ಲೀನಳ ಒಂದು ಪಕ್ಕ ಕ್ಷೌರದಂಗಡಿಯ ಗಸ್, ಇನ್ನೊಂದು ಪಕ್ಕ ನರ್ಸ್ ಆಗಿದ್ದ ಲೊರೇನ್. ಯಾವ ಕಾಲದಿಂದಲೋ ಅವರವರ ಜಾಗ ಅವರವರದು. ಗಸ್ ಕಿವಿಗೆ ಪುಟ್ಟ ರೇಡಿಯೋ ಹಚ್ಚಿಕೊಂಡೇ ಪಂದ್ಯ ನೋಡುವವನು. ಎದುರಿಗೇ ಆಟ ನಡೆಯುತ್ತಿದ್ದರೂ ರೇಡಿಯೋದವನು ಹೇಳಿದ ಮೇಲೇ ಅವನಿಗೆ ನಂಬಿಕೆ. ಹೇಳುವವನನ್ನು ಬೈಯುವುದಂತೂ ಅವನ ಪರಮ ಸುಖ. ಮೊದಲು ಆಟ ಹೇಳುತ್ತಿದ್ದು ಹೋದ ವರ್ಷ ನಿವೃತ್ತನಾದ ಹ್ಯಾಪ್ ಕೊನ್ರಾಡ್ ಮಾತಾಡಿದರೆ ಕಣ್ಣು ಮುಚ್ಚಿದರೂ ಆಟ ಕಾಣುತ್ತಿತ್ತಂತೆ. ಈ ಟ್ರೆವರ್ ಮಾತಾಡಿದರೆ ಕಣ್ಣು ತೆರೆದಿದ್ದರೂ ಕಾಣುವುದಿಲ್ಲವಂತೆ. ಲೊರೇನ್ ಒಪ್ಪಲಿಲ್ಲ. ಹ್ಯಾಪ್ ಸೋಲನ್ನೂ ಸಕ್ಕರೆ ಹಚ್ಚಿ ಹೇಳುತ್ತಿದ್ದ, ಈ ಹುಡುಗ ಕಂಡದ್ದನ್ನು ಕಂಡ ಹಾಗೆ ಹೇಳುತ್ತಾನೆ, ಅದರಲ್ಲಿ ತಪ್ಪೇನು ಎಂದಳು. ಅಲ್ಲಿಂದ ಮಾತು ಡಾಸನ್‌ಗೆ ತಿರುಗಿತು. ಕೈ ನೋವಿದ್ದವನು ಸುಮ್ಮನೆ ಎಸೆಯುತ್ತಾ ಹೋದರೆ ತಂಡಕ್ಕೇ ಮೋಸ, ಹೇಳಿ ಇಳಿದದ್ದೇ ಮರ್ಯಾದಸ್ತರ ಕೆಲಸ ಎಂದು ಲೊರೇನ್. ಕತ್ತರಿ ಹಿಡಿದು ಹಿಡಿದು ತನ್ನ ಹೆಬ್ಬೆರಳು ಮಡಚುವುದಿಲ್ಲ, ತಾನೇನು ಅರ್ಧ ತಲೆ ಬೋಳಿಸಿ ಗಿರಾಕಿಯನ್ನು ಎಬ್ಬಿಸಿ ಕಳಿಸುತ್ತೇನೆಯೇ ಎಂದು ಗಸ್.

"ನಿನ್ನ ಹೆಬ್ಬೆರಳು ಹೋದ್ರೆ ನಾಲ್ಕು ಜನರ ಕೂದಲು ಬೆಳೆಯುತ್ತೆ, ಅಷ್ಟೇ," ಎಂದಳು ಲೊರೇನ್. "ಆ ಹುಡುಗ್ರಿಗೆ ಇರೋದೇ ಒಂದು ತೋಳು ಕಣೋ. ನಾನು ನೋಡಿದೀನಿ. ಮೊಣಕೈ ಒಳಗಿನ ನಾರು ಒಂದ್ಸಲ ಹರಿದ್ರೆ ಆಯ್ತು, ಆಮೇಲೆ ಗೋಡೌನಲ್ಲಿ ಪೆಟ್ಟಿಗೆ ಹೊರ್ಬೇಕು."

ಅರ್ಲೀನ್ ಗಸ್‌ನ ಪಕ್ಷ ಹಿಡಿದು ಜೋರಾಗಿ ವಾದಿಸಿದಳು. ವಾದದಲ್ಲಿ ಅವಳನ್ನು ಸೋಲಿಸಿದವರು ಯಾರಿದ್ದಾರೆ.

ಬುಧವಾರ ಫ್ರೀಜರ್ ತೆಗೆದವಳಿಗೆ ಬಟಾಣಿ ಪೊಟ್ಟಣ ಕೈಗೆ ಸಿಕ್ಕಿತು. ಕಾಳುಗಳು ಬಿಡಿಬಿಡಿಯಾಗಿರಬೇಕಾದ್ದು ಕಲ್ಲಿನಂತೆ ಒಂದೇ ಗಟ್ಟಿಯಾಗಿತ್ತು. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಮಾತ್ರ ಹಾಗಾಗುತ್ತದೆ. ಹಿಂದಿನ ಪೊಟ್ಟಣವೂ ಹಾಗೇ ಇತ್ತು. ಗಟ್ಟಿಯ ಒಂದು ಮಗ್ಗುಲಲ್ಲಿ, ನೋವಿಗೆ ತಂಪಾಗಲೆಂದು ಯಾರೋ ಮೊಣಕೈ ಊರಿದ ಹಾಗೆ ಗುಳಿ ಬಿದ್ದಿತ್ತು. ಈಗ ಅವಳಿಗೆ ಎಡಗೈಯ ಫೋರ್ಕ್ ನೆನಪಾಯಿತು.

ಸಂಜೆ ಅವನು ಬಂದೊಡನೆ ಕೂರಿಸಿ, ಕೈ ತೋರಿಸು ಎಂದಳು. ಏನಿಲ್ಲ ಅಮ್ಮ, ಸ್ವಲ್ಪ ಬಿಗಿದಿದೆ ಎಂದ. ಮೊಣಕೈಯ ಒಳಮಗ್ಗುಲಿಗೆ ಬೆರಳು ತಾಗಿಸಿದ ಮಾತ್ರಕ್ಕೆ ಅವನು ಹಲ್ಲು ಕಚ್ಚಿದ. ಓರ್ಟ್‌ಮನ್‌ಗೆ ಹೇಳಿದ್ದೀಯಾ ಎಂದು ಕೇಳಿದಳು. ಓರ್ಟ್‌ಮನ್ ಅವರ ಮ್ಯಾನೇಜರ್, ಅರ್ಲೀನಳ ಕೈಯ ಪಿಯೆರೋಗಿ ಕಡುಬೆಂದರೆ ಪ್ರಾಣ ಬಿಡುವ ಮನುಷ್ಯ.

"ಬೇಡ ಅಮ್ಮ, ದಯವಿಟ್ಟು ಅವ್ರಿಗೆ ಹೇಳ್ಬೇಡಿ," ಎಂದ ಯಾದಿಯೆಲ್. "ಶನಿವಾರ ಗೆದ್ರೆ ಪ್ಲೇಆಫ್. ಡಾಸನ್ ಕೂಡ ಇಲ್ಲ. ಎಲ್ರೂ ನನ್ನ ಮುಖಾನೇ ನೋಡ್ತಿದಾರೆ. ಒಂದೇ ಒಂದು ಪಂದ್ಯ. ಆಮೇಲೆ ನಾನೇ ಡಾಕ್ಟರ್ ಹತ್ರ ಹೋಗ್ತೀನಿ."

ಸೋಮವಾರದ ಮಾತು ಇಬ್ಬರ ನಡುವೆ ಮೇಜಿನ ಮೇಲೆ ಕೂತಿತ್ತು, ಇಬ್ಬರೂ ಅದನ್ನು ಎತ್ತಲಿಲ್ಲ. ಅದೆಲ್ಲ ಬಾಯಿಚಪಲಕ್ಕೆ ಆಡಿದ್ದು ಕಣೋ, ನಿನ್ನ ಕೈ ಅದಕ್ಕಿಂತ ದೊಡ್ಡದು ಎಂದು ಅವಳು ಹೇಳಬೇಕಿತ್ತು. ಊರಿಗೆಲ್ಲ ಕೇಳಿಸುವಂತೆ ಮಾತಾಡುವ ಹೆಂಗಸಿಗೆ ಎದುರಿಗಿದ್ದವನಿಗೆ ಕೇಳಿಸುವಷ್ಟು ದನಿ ಏಳಲಿಲ್ಲ. ಹೇಳಿದರೆ ತಾನು ಆಡಿದ ಮಾತನ್ನು ತಾನೇ ನುಂಗಬೇಕು. ಅದೊಂದೇ ಕಾರಣವೂ ಅಲ್ಲ. ಶನಿವಾರ ಗೆಲ್ಲಬೇಕೆಂಬ ಆಸೆ ಅವಳಿಗೂ ಇತ್ತು, ಹುಡುಗನಿಗಿಂತ ಒಂದು ಗುಂಜಿ ಹೆಚ್ಚೇ ಇತ್ತು. ಹೇಳುವುದಿಲ್ಲ ಬಿಡು ಎಂದು ಮಾತು ಕೊಟ್ಟು, ಅವನ ಮೊಣಕೈಗೆ ಹೊಸ ಬಟಾಣಿ ಪೊಟ್ಟಣವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದಳು.

ಶನಿವಾರ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾದಿಯೆಲ್ ಹಿಂದೆಂದೂ ಎಸೆಯದ ಹಾಗೆ ಎಸೆದ. ಎದುರಿನವರು ಒಬ್ಬರಾದ ಮೇಲೊಬ್ಬರು ಬಂದರು, ಗಾಳಿಗೆ ಬ್ಯಾಟು ಬೀಸಿ ಹೋದರು. ಐದನೆಯ ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಜನರ ಗದ್ದಲ ತಾನಾಗಿ ತಗ್ಗತೊಡಗಿತು. ಚೆಂಡು ಹೊಡೆದು ಬೇಸ್ ತಲುಪುವಂಥ ಒಂದೇ ಒಂದು ಹಿಟ್ ಕೂಡ ಎದುರು ತಂಡಕ್ಕೆ ಸಿಕ್ಕಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಾಗಿತ್ತು, ಗೊತ್ತಾದದ್ದನ್ನು ಯಾರೂ ಬಾಯಿ ಬಿಡುವಂತಿರಲಿಲ್ಲ. ಅದು ಈ ಆಟದ ಕಟ್ಟಳೆ. ಒಂಬತ್ತು ಇನ್ನಿಂಗ್ಸೂ ಹಾಗೆಯೇ ಮುಗಿದರೆ ಜನ್ಮಕ್ಕೊಮ್ಮೆ ಕಾಣುವ ಭಾಗ್ಯ. ನಡುವೆ ಅದರ ಹೆಸರೆತ್ತಿದರೆ, ಕೂತವರು ಜಾಗ ಬದಲಿಸಿದರೆ, ಕೆಟ್ಟಿತು ಎಂದೇ ಲೆಕ್ಕ. ಮೂತ್ರಕ್ಕೂ ಯಾರೂ ಏಳುವುದಿಲ್ಲ. ಕೆಳಗೆ ಆಟಗಾರರ ಡಗೌಟಿನಲ್ಲೂ ಇದೇ ಕಟ್ಟು. ಪಿಚರ್ ಬಂದು ಬೆಂಚಿನ ಒಂದು ತುದಿಯಲ್ಲಿ ಕೂರುತ್ತಾನೆ, ಉಳಿದವರೆಲ್ಲ ಇನ್ನೊಂದು ತುದಿಗೆ ಸರಿಯುತ್ತಾರೆ. ಅವನನ್ನು ಯಾರೂ ಮಾತಾಡಿಸುವುದಿಲ್ಲ, ಅವನ ಕಡೆ ನೋಡುವುದೂ ಇಲ್ಲ.

ಯಾದಿಯೆಲ್ ಹಾಗೆ ಒಬ್ಬನೇ ಕೂತಿದ್ದ. ಅವನು ಎಡಗೈಯಿಂದ ಬಲ ಮೊಣಕೈಯನ್ನು ಅವುಚಿ ಹಿಡಿದು ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದ. ಅವನ ಜೊತೆಯವರು ಯಾರೂ ನೋಡಲಿಲ್ಲ, ಓರ್ಟ್‌ಮನ್ ಕೂಡ ಬೇಕೆಂದೇ ಬೆನ್ನು ತಿರುಗಿಸಿ ನಿಂತಿದ್ದ. ಮೇಲಿನ ಸಾಲಿನಿಂದ ಅರ್ಲೀನ್ ನೋಡಿದಳು. ಏಳನೆಯ ಇನ್ನಿಂಗ್ಸಿನಲ್ಲಿ ಅವನ ಚೆಂಡಿನ ವೇಗ ಇಳಿದಿತ್ತು, ಒಂದೊಂದು ಎಸೆತದ ನಂತರವೂ ಬೆರಳುಗಳನ್ನು ಒದರುತ್ತಿದ್ದ.

ಲೊರೇನ್ ಬಾಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. "ಆ ಹುಡುಗನ ಕೈ ಸರಿ ಇಲ್ಲ ಅರ್ಲೀನ್. ನಿನ್ನ ಮನೇಲೇ ಇರೋನು. ನಿಂಗೇನಾದ್ರೂ ಗೊತ್ತಾ?"

"ನಂಗೇನು ಗೊತ್ತು?" ಎಂದಳು ಅರ್ಲೀನ್.

ಆ ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಏಳನೆಯದು ಮುಗಿದು ತಂಡಗಳು ಬದಲಾಗುತ್ತಿದ್ದಾಗ ಅವಳು ಎದ್ದಳು. ಕೆಲವೇ ಮೆಟ್ಟಿಲು ಇಳಿದರೆ ಕಟಕಟೆ, ಕಟಕಟೆಯ ಆಚೆ ಕೈಗೆ ಎಟುಕುವಷ್ಟು ದೂರದಲ್ಲಿ ಓರ್ಟ್‌ಮನ್. ಒಂದು ಮಾತು ಸಾಕು. ಗಸ್ ಅವಳ ತೋಳು ಹಿಡಿದ.

"ತಲೆಗಿಲೆ ಕೆಟ್ಟಿದ್ಯಾ? ಕೂತ್ಕೋ. ಈಗ ಯಾರೂ ಅಲ್ಲಾಡೋ ಹಾಗಿಲ್ಲ. ನಿನ್ನಿಂದ ಕೆಟ್ರೆ ಈ ಊರಲ್ಲಿ ನೀನು ತಲೆ ಎತ್ತಿ ತಿರುಗ್ತೀಯಾ?"

ಹಿಂದಿನ ಸಾಲಿನಿಂದಲೂ ಶ್ ಶ್ ಎಂದರು. ಮುಂದಿನವರು ತಿರುಗಿ ಕಣ್ಣು ಕೆಕ್ಕರಿಸಿದರು. ಅದೇ ಹೊತ್ತಿಗೆ ಗಸ್‌ನ ರೇಡಿಯೋದಲ್ಲಿ ಟ್ರೆವರ್, ಏಳು ಇನ್ನಿಂಗ್ಸ್ ಆಯಿತು, ಯಾದಿಯೆಲ್ ಕೊಲೊನ್ ಎದುರು ಇನ್ನೂ ಒಂದು ಹಿಟ್ ಕೂಡ ಬಿದ್ದಿಲ್ಲ ಎಂದು ಉಸುರಿಬಿಟ್ಟ. ಸಾಲಿಗೆ ಸಾಲೇ ಕೊತಕೊತ ಕುದಿಯಿತು. ಇಷ್ಟು ವರ್ಷದಲ್ಲಿ ಹ್ಯಾಪ್ ಒಮ್ಮೆಯಾದರೂ ಹೀಗೆ ಬಾಯಿ ಹರಿಬಿಟ್ಟಿದ್ದನೇ ಎಂದರು. ಇವನಿಗೆ ಸಂಬಳ ಕೊಟ್ಟು ಕೂರಿಸಿದವರಿಗೆ ಬುದ್ಧಿ ಇಲ್ಲ ಎಂದರು. ಕೇಳುವವನು ಮನೆಯಲ್ಲಿ ಕೂತಿರುತ್ತಾನೆ, ಅವನಿಗೆ ಆಟ ಹೇಗಿದೆಯೆಂದು ಹೇಳುವುದೇ ಇವನ ಕೆಲಸವಲ್ಲವೇ ಎಂದ ಲೊರೇನಳ ಮೇಲೆ ನಾಲ್ಕು ಜನ ಹರಿಹಾಯ್ದರು. ಈ ಜಗಳದ ನಡುವೆ ಅರ್ಲೀನ್ ಮೆಲ್ಲಗೆ ಕೂತಳು. ಗಸ್ ಯಾವಾಗಲೋ ಅವಳ ತೋಳು ಬಿಟ್ಟಿದ್ದ. ಬೇಕೆಂದಿದ್ದರೆ ಇಳಿದು ಹೋಗಬಹುದಿತ್ತು. ಎರಡೇ ಇನ್ನಿಂಗ್ಸ್, ಹೇಗೋ ತಡೆದುಕೊಳ್ಳುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು.

ಎಂಟನೆಯ ಇನ್ನಿಂಗ್ಸಿನಲ್ಲಿ ಅವನು ಎಸೆದ ಒಂದು ಚೆಂಡು ಕ್ಯಾಚರ್‌ನ ತಲೆಯ ಎಷ್ಟೋ ಮೇಲೆ ಹಾರಿ ಹಿಂದಿನ ಬಲೆಗೆ ಬಡಿಯಿತು. ಎಲ್ಲರೂ ಚೆಂಡು ನೋಡಿದರು. ಅರ್ಲೀನ್ ಅವನನ್ನು ನೋಡಿದಳು. ದಿಬ್ಬದ ಮೇಲೆ ಮಂಡಿಯೂರಿ, ಹಣೆಯನ್ನು ಮಣ್ಣಿಗೆ ಒತ್ತಿ, ಮೊಣಕೈಯನ್ನು ಹೊಟ್ಟೆಗೆ ಅವುಚಿಕೊಂಡಿದ್ದ. ಅವನ ಕೂಗು ಮೊದಲ ಬೇಸಿನ ಸಾಲಿನವರೆಗೂ ಕೇಳಿಸಿತು.

ಭಾನುವಾರ ಆಸ್ಪತ್ರೆಯಲ್ಲಿ ಡಾಕ್ಟರು ನಾರು ಪೂರ್ತಿ ಹರಿದಿದೆ ಎಂದರು. ಶಸ್ತ್ರಚಿಕಿತ್ಸೆ ಆಗಬೇಕು, ಒಂದು ವರ್ಷಕ್ಕೂ ಮೇಲೆ ಬೇಕು, ಆಮೇಲೂ ಮೊದಲಿನ ಹಾಗೆ ಎಸೆಯುವುದು ಅನುಮಾನ. ಬಿಗಿದಾಗಲೇ ನಿಲ್ಲಿಸಿದ್ದರೆ ಬರೀ ವಿಶ್ರಾಂತಿಯಲ್ಲಿ ಮುಗಿಯಬಹುದಿತ್ತು ಎಂದೂ ಅಂದರು. ಯಾದಿಯೆಲ್‌ಗೆ ಔಷಧಿಯ ಮಂಪರು, ಅವನು ಕೇಳಿಸಿಕೊಳ್ಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅರ್ಲೀನಳ ಕಿವಿಗೆ ಕಾದ ಎಣ್ಣೆ ಹೊಯ್ದ ಹಾಗಾಯಿತು.

ಸೋಮವಾರ ಬೆಳಗ್ಗೆ ಅಡುಗೆಮನೆಯ ರೇಡಿಯೋ ಎಂದಿನಂತೆ ಹಾಡುತ್ತಿತ್ತು. ಯಾದಿಯೆಲ್ ಬಲಗೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿಟ್ಟು ಮೇಜಿನ ಮುಂದೆ ಕೂತಿದ್ದ. ಅರ್ಲೀನ್ ಪ್ಯಾನ್‌ಕೇಕ್ ಹೊಯ್ಯುತ್ತಿದ್ದಳು. ಫೋನು ಮಾಡಿದವರೆಲ್ಲ ಟ್ರೆವರ್‌ಗೆ ಉಗಿದು ಉಪ್ಪು ಹಾಕಿದರು. ನಿನ್ನ ನಾಲಿಗೆಯಿಂದಲೇ ಆ ಹುಡುಗನ ಕೈ ಹೋಯಿತು ಎಂದರು, ಸ್ಟೇಷನ್ನಿನವರು ನಿನ್ನನ್ನು ಇಂದೇ ಮನೆಗೆ ಕಳಿಸಬೇಕು ಎಂದರು. ಹಿಂದಿನ ದಿನ ಯಾರೋ ಅವನ ಕಾರಿಗೆ ಮೊಟ್ಟೆ ಹೊಡೆದಿದ್ದರಂತೆ. ಟ್ರೆವರ್ ಮೊದಲು ವಾದಿಸಿದ, ಆಮೇಲೆ ಕ್ಷಮೆ ಕೇಳಿದ, ಕೊನೆಗೆ ಅವನ ದನಿಯೇ ಬತ್ತಿಹೋಯಿತು. ನಡುವೆ ಮಾಂಸದಂಗಡಿಯ ಸ್ಟ್ಯಾನ್ ಫೋನಿನಲ್ಲಿ ಬಂದು, ಹೋದ ವಾರ ಅರ್ಲೀನ್ ಹೇಳಿದ್ದು ಇದನ್ನೇ, ಗಂಡಸು ಅಂದರೆ ಕೊಲೊನ್, ಕೈ ಮುರಿಯುವವರೆಗೂ ಚೆಂಡು ಬಿಡಲಿಲ್ಲ ಎಂದ. ಯಾದಿಯೆಲ್ ತಲೆಯೆತ್ತಿ ಅವಳ ಕಡೆ ನೋಡಿ ಸಣ್ಣಗೆ ನಕ್ಕ.

ಆ ನಗುವನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಒಲೆ ಆರಿಸಿ, ತಟ್ಟೆಯನ್ನು ಅವನ ಮುಂದಿಟ್ಟು, ಫೋನು ಹಿಡಿದು ಜಗಲಿಗೆ ಹೋದಳು. ಬಾಗಿಲ ಒಳಗೆ ರೇಡಿಯೋದಲ್ಲಿ ಅವನು ಕೇಳಲಿ ಎಂದೇ ಹೋದಳು. ಮುಖ ನೋಡಿಕೊಂಡು ಹೇಳುವ ಧೈರ್ಯ ಅವಳಿಗಿರಲಿಲ್ಲ.

ನೀವೂ ಬೈಯಿರಿ ಅರ್ಲೀನ್, ನಿಮ್ಮದೊಂದು ಬಾಕಿ ಇತ್ತು ಎಂದ ಟ್ರೆವರ್.

"ನಿನ್ನ ತಪ್ಪು ಏನೂ ಇಲ್ಲಪ್ಪ," ಎಂದಳು. ಎಂದಿನ ದನಿ ಅಲ್ಲ ಅದು, ಟ್ರೆವರ್ ಜೋರಾಗಿ ಹೇಳಿ ಎನ್ನಬೇಕಾಯಿತು. "ಬಾಯಿ ಮಾತಿಗೆ ಯಾರ ಕೈಯೂ ಹರಿಯಲ್ಲ. ಅವನ ಕೈ ಮೊದಲೇ ಕೆಟ್ಟಿತ್ತು. ನಂಗೆ ಗೊತ್ತಿತ್ತು. ಹೇಳ್ಬೇಡಿ ಅಂದ, ನಾನು ಹೇಳ್ಲಿಲ್ಲ. ಶನಿವಾರ ಎದ್ದೆ, ಎದ್ದೋಳು ಮತ್ತೆ ಕೂತೆ. ಹೋದ ವಾರ ನಾನು ಡಾಸನ್ ಬಗ್ಗೆ ಆಡಿದ ಮಾತನ್ನ ಆ ಹುಡುಗ ನನ್ನ ಅಡುಗೆಮನೇಲಿ ಕೂತು ಕೇಳಿದ. ಅದಕ್ಕೇ ಅವನು ಚೆಂಡು ಬಿಡ್ಲಿಲ್ಲ. ಮೊಟ್ಟೆ ಹೊಡೆಯೋರು ನಮ್ಮನೆಗೆ ಬಂದು ಹೊಡೀಲಿ."

ಅರ್ಲೀನ್ ಫೋನು ಇಟ್ಟಳು. ಎದೆಯ ಭಾರ ಸ್ವಲ್ಪ ಇಳಿದ ಹಾಗಿತ್ತು. ಅವನು ಈಗ ಕೇಳಿರುತ್ತಾನೆ, ಬೈದರೆ ಬೈಯಲಿ, ಮನೆ ಬಿಟ್ಟು ಹೋದರೆ ಹೋಗಲಿ ಎಂದುಕೊಂಡು ಬಾಗಿಲು ತಳ್ಳಿದಳು.

ಅಡುಗೆಮನೆ ನಿಶ್ಶಬ್ದವಾಗಿತ್ತು. ರೇಡಿಯೋ ಆರಿತ್ತು.

"ಪಾಪ, ಅವನನ್ನ ಬೈಯೋದು ಕೇಳೋಕಾಗ್ಲಿಲ್ಲ ಅಮ್ಮ, ನೀವು ಆಚೆ ಹೋದ ತಕ್ಷಣ ಆರಿಸ್ಬಿಟ್ಟೆ," ಎಂದ ಯಾದಿಯೆಲ್. ಎಡಗೈಯ ಫೋರ್ಕಿನಿಂದ ಪ್ಯಾನ್‌ಕೇಕನ್ನು ಹರಿಯಲು ನೋಡುತ್ತಿದ್ದ, ಅದು ತಟ್ಟೆಯಲ್ಲಿ ಸುಮ್ಮನೆ ಜಾರಾಡುತ್ತಿತ್ತು. "ಯಾರ ಹತ್ರ ಮಾತಾಡ್ತಿದ್ರಿ?" ಅವಳು ಉತ್ತರ ಹೇಳುವ ಮೊದಲೇ ಮತ್ತೆ ಕೇಳಿದ. "ನಾನು ಚೆಂಡು ಕೊಟ್ಟು ಇಳೀಲಿಲ್ಲ ಅಲ್ವಾ ಅಮ್ಮ?"

ಅವನ ಕಣ್ಣಲ್ಲಿ ಹೆಮ್ಮೆ ಇತ್ತು. ಕೈ ಹೋದ ಮೇಲೆ ಅವನಿಗೆ ಉಳಿದದ್ದು ಅದೊಂದೇ. ಇಲ್ಲಪ್ಪ, ಇಳೀಲಿಲ್ಲ ಎಂದು ಸುಮ್ಮನಾಗಿಬಿಡಲೇ ಎಂದು ಅವಳ ಮನಸ್ಸು ಜಾರಿತು. ಊರಿಗೆಲ್ಲ ಈಗ ಗೊತ್ತು, ಸಂಜೆಯೊಳಗೆ ಯಾರಾದರೂ ಇವನಿಗೂ ಹೇಳುತ್ತಾರೆ. ಬೇರೆಯವರ ಬಾಯಿಂದ ಕೇಳಬಾರದು. ಅವಳು ಕುರ್ಚಿ ಎಳೆದು ಅವನೆದುರು ಕೂತಳು.

"ನೀನು ಇಳೀಲಿಲ್ಲ ಮಗಾ. ಇಳೀಬೇಕಿತ್ತು. ಇಳಿಯೋದು ಹೇಡಿತನ ಅಂತ ನಾನು ಆಡಿದ ಮಾತು ತಪ್ಪು. ನಿನ್ನ ನೋವು ಗೊತ್ತಿದ್ದೂ ಶನಿವಾರ ಮೆಟ್ಟಿಲು ಇಳಿದು ಬಂದು ಓರ್ಟ್‌ಮನ್‌ಗೆ ಹೇಳ್ಲಿಲ್ಲ, ಅದೂ ತಪ್ಪು. ನಂಗೆ ನಿನ್ನ ಕೈಗಿಂತ ಆ ಪಂದ್ಯ ಹೆಚ್ಚಾಯ್ತು."

ಅವನ ಮುಖದ ನಗು ಎಲ್ಲಿಗೋ ಹೋಯಿತು. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನಿಗೆ ಸಿಟ್ಟು ಬಂದಂತೆಯೂ ಕಾಣಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ.

"ಹಾಗಾದ್ರೆ ರೇಡಿಯೋದಲ್ಲಿ ಹಾಗ್ಯಾಕೆ ಹೇಳಿದ್ರಿ ಅಮ್ಮ?"

ಜನ ನಗಲಿ ಎಂದು ಹೇಳಿದೆ, ಸ್ಟ್ಯಾನ್ ಒಂದು ಸಾಸೇಜ್ ಹೆಚ್ಚಿಗೆ ಹಾಕಲಿ ಎಂದು ಹೇಳಿದೆ. ನಿಜವಾದ ಉತ್ತರ ಅಷ್ಟೇ ಇತ್ತು, ಅದನ್ನು ಆ ಹುಡುಗನ ಮುಖಕ್ಕೆ ಹೇಳುವ ನಾಲಿಗೆ ಅವಳಿಗಿರಲಿಲ್ಲ. ಅವಳು ಅವನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಪ್ಯಾನ್‌ಕೇಕನ್ನು ಸಣ್ಣ ಸಣ್ಣ ತುಂಡು ಮಾಡತೊಡಗಿದಳು.